‘ಡ್ರೂಗ್’ ಎಂಬ ಆಂಗ್ಲ ಪದ ಮತ್ತು ನಮ್ಮ ದುರ್ಗಗಳು

ಮೂರನೆಯ ಮೈಸೂರು ಯುದ್ಧದ ಆಂಗ್ಲ ವೃತ್ತಾಂತಗಳನ್ನು ಓದುವವರಿಗೆ ಸಾವನ್‌ಡ್ರೂಗ್, ನಂದಿಡ್ರೂಗ್, ಊಟ್ರಡ್ರೂಗ್ ಎಂಬ ಹೆಸರುಗಳು ಪದೇಪದೇ ಎದುರಾಗುತ್ತವೆ. ಮೊದಲನೆಯದು ಮಾಗಡಿಯ ಸಾವನದುರ್ಗ, ಕೊನೆಯದು ಕುಣಿಗಲ್ ಸೀಮೆಯ ಹುತ್ರಿದುರ್ಗ. ತಿಪ್ಪಸಂದ್ರದ ಕಡೆಯ ವಿದ್ಯಾರ್ಥಿಗಳು ಬಾಲ್ಯದಿಂದಲೇ ಬಲ್ಲ ಈ ಬೆಟ್ಟಗಳು ಪರಭಾಷೆಯ ಪುಟಗಳಲ್ಲಿ ಗುರುತು ಸಿಗದಂತಾಗಿವೆ. ‘ಡ್ರೂಗ್’ ಎಂಬುದು ‘ದುರ್ಗ’ದ ವಿಕಾರವೆಂದಷ್ಟೇ ಹೇಳಿ ಮುಂದೆ ಸಾಗುವುದು ವಾಡಿಕೆ. ಆದರೆ ಆ ವಿಕಾರದಲ್ಲಿಯೇ ಚರಿತ್ರೆಗೆ ಉಪಯುಕ್ತವಾದ ಅಂಶಗಳಿವೆ.

‘ದುರ್ಗ’ವೆಂದರೆ ಹೋಗಲು ಕಷ್ಟವಾದುದು. ಇದರ ‘ದುಸ್’ ಉಪಸರ್ಗವು ಗ್ರೀಕಿನ ‘ಡುಸ್’ ಎಂಬುದಕ್ಕೆ ಸೋದರ. ‘ಡಿಸೆಂಟರಿ’ ಎಂಬ ರೋಗನಾಮದ ಮೊದಲ ಭಾಗವೂ ಅದೇ. ‘ಗಮ್’ ಧಾತುವಾದರೋ ಆಂಗ್ಲರ ‘ಕಮ್’ ಕ್ರಿಯಾಪದದ ಜ್ಞಾತಿ. ಆದುದರಿಂದ ಆಂಗ್ಲರು ಪರಕೀಯವೆಂದು ಸ್ವೀಕರಿಸಿದ ಪದದ ಎರಡು ಅಂಗಗಳೂ ಅವರ ನುಡಿಗೆ ದೂರದ ನೆಂಟರೇ ಆಗಿದ್ದುವು.

ರೂಪದ ವಿಷಯದಲ್ಲಿ ಜನರ ಉಚ್ಚಾರಣೆಯನ್ನು ಗಮನಿಸಬೇಕು. ನಮ್ಮ ಹಳ್ಳಿಗಳಲ್ಲಿ ದುರ್ಗಮ್ಮನು ‘ದುರುಗಮ್ಮ’ನಾಗುವಂತೆ ದುರ್ಗವೂ ‘ದುರುಗ’ವಾಗುತ್ತದೆ. ಆ ಮೊದಲ ಹ್ರಸ್ವ ಉಕಾರವು ಆಂಗ್ಲರ ಕಿವಿಗೆ ಬೀಳದೆ ಹೋದರೆ ಉಳಿಯುವುದು ‘ಡ್ರೂಗ್’. ಗ್ರಂಥಸ್ಥ ಸಂಸ್ಕೃತಕ್ಕಿಂತ ಆಡುಮಾತೇ ಇದಕ್ಕೆ ಮೂಲವೆಂದು ನಮ್ಮ ಅಭಿಪ್ರಾಯ. ಆದರೆ ಇದೇ ರೂಪವು ಕೊಂಕಣದ ಕೋಟೆಗೂ ಅಂಟಿರುವುದರಿಂದ, ಕನ್ನಡಿಗರ ಬಾಯಿಂದಲೇ ಹೋಯಿತೆಂದು ಹೆಮ್ಮೆಪಡುವುದು ಯುಕ್ತವಲ್ಲ.

ಅರ್ಥದಲ್ಲಿ ಆದ ಸಂಕೋಚವು ಇನ್ನೂ ಮುಖ್ಯವಾದುದು. ಕೌಟಿಲ್ಯನ ಅರ್ಥಶಾಸ್ತ್ರವು ಜಲ, ಪರ್ವತ, ಮರು, ವನ ಎಂಬ ನಾಲ್ಕು ಬಗೆಯ ದುರ್ಗಗಳನ್ನು ಹೇಳುತ್ತದೆ. ಆಂಗ್ಲರಲ್ಲಿ ಉಳಿದುದು ಗಿರಿದುರ್ಗವೊಂದೇ. ನೀಲಗಿರಿಯಲ್ಲಿ ಕೂನೂರಿನ ಬಳಿಯ ಹುಲಿಕಲ್ ದುರ್ಗವು ಅವರಿಗೆ ಬರಿಯ ‘ಡ್ರೂಗ್’ ಆಯಿತು. ಸಾವನದುರ್ಗವನ್ನು ಈ ಸಂಕುಚಿತಾರ್ಥದಲ್ಲಿ ಗ್ರಹಿಸಿದರೆ ಅದರ ಬಲದ ಅರ್ಧಭಾಗವನ್ನು ಮರೆತಂತೆ. ಕರಿಗುಡ್ಡ ಬಿಳಿಗುಡ್ಡಗಳ ಕಡಿದಾದ ಬಂಡೆಯಷ್ಟೇ ಅಲ್ಲ, ಸುತ್ತಲಿನ ದಟ್ಟವಾದ ಬಿದಿರಿನ ಕಾಡೂ ಅದರ ಕಾವಲಾಗಿದ್ದಿತು. ಅದು ವನದುರ್ಗವೂ ಹೌದು. 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಸೇನೆಯು ಅದನ್ನು ಹಿಡಿಯುವ ಮುನ್ನ ಫಿರಂಗಿಗಳನ್ನು ಸಾಗಿಸಲು ಕಾಡಿನಲ್ಲಿಯೇ ದಾರಿ ಕಡಿಯಬೇಕಾಯಿತು.

ಲಂಡನ್ನಿನ ಶೂಟರ್ಸ್ ಹಿಲ್ ಮೇಲೆ 1784ರಲ್ಲಿ ಕಟ್ಟಿದ ‘ಸೆವರ್ನ್‌ಡ್ರೂಗ್’ ಎಂಬ ಮುಮ್ಮೂಲೆಯ ಗೋಪುರವಿದೆ. ಉಚ್ಚಾರಣೆಯ ಸಾಮ್ಯದಿಂದ ಇದನ್ನು ಮಾಗಡಿಯ ಬೆಟ್ಟಕ್ಕೆ ಗಂಟುಹಾಕುವುದು ಸುಲಭ. ಕಾಲಾನುಕ್ರಮವು ಅದಕ್ಕೆ ಒಪ್ಪುವುದಿಲ್ಲ: ಗೋಪುರವು ಎದ್ದ ಏಳು ವರ್ಷಗಳ ಮೇಲೆ ಸಾವನದುರ್ಗದ ಮುತ್ತಿಗೆ ನಡೆಯಿತು. ಗೋಪುರದ ಹೆಸರು 1755ರಲ್ಲಿ ವಿಲಿಯಂ ಜೇಮ್ಸನು ಆಂಗ್ರೆಯವರಿಂದ ಗೆದ್ದ ಕೊಂಕಣದ ಸುವರ್ಣದುರ್ಗದ್ದು. ‘ಸುವರ್ಣ’ವು ಆಂಗ್ಲರಿಗೆ ಪರಿಚಿತವಾದ ಸೆವರ್ನ್ ನದಿಯ ಹೆಸರಿನಲ್ಲಿ ಲೀನವಾಯಿತು.