ಲಡಾಖ್ ಗಡಿಯ ಬೆಳಕು: 329 ಎಂಟ್ರಿ ಮತ್ತು ನಮ್ಮ ಬೆಳ್ಳಿಚುಕ್ಕಿ

ರಾಯಚೂರಿನಿಂದ ಮಾತಾಡ್ತಿದೀನಿ. ಯುಎಫ್‌ಒ ಅಂದ ಕೂಡಲೇ ನಮಗೆ ನೆನಪಾಗೋದು ಅಮೆರಿಕದ ಪೈಲಟ್‌ಗಳ ವಿಡಿಯೋ. ಇವತ್ತು ನಮ್ಮದೇ ಸೈನಿಕರು ಕಂಡ ಬೆಳಕಿನ ಕಥೆ ಹೇಳ್ತೀನಿ. ಆ ಗುಟ್ಟು ಬಿಡಿಸಿದ ಸಂಸ್ಥೆ ಇರೋದು ನಮ್ಮ ಬೆಂಗಳೂರಿನಾಗ.

2012ರ ಆಗಸ್ಟ್. ಲಡಾಖ್‌ನ ಪ್ಯಾಂಗಾಂಗ್ ಸರೋವರ, ನಾಲ್ಕು ಸಾವಿರ ಮೀಟರಿಗಿಂತ ಎತ್ತರ. ಅಲ್ಲಿ ಕಾವಲಿದ್ದ ಸೇನೆ ಮತ್ತು ಐಟಿಬಿಪಿ ಜವಾನರಿಂದ ಒಂದೇ ಥರದ ವರದಿಗಳು ಬರೋಕೆ ಶುರುವಾದ್ವು. ಹಳದಿ ಬೆಳಕಿನ ಗೋಳ. ಚೀನಾ ಕಡೆಯ ದಿಗಂತದಿಂದ ಮೇಲೇಳುತ್ತೆ, ಗಂಟೆಗಟ್ಟಲೆ ನಿಧಾನವಾಗಿ ಸಾಗುತ್ತೆ, ಆಮೇಲೆ ಮಾಯ. ಸೇನೆ ಇದಕ್ಕೆ 'ಗುರುತಿಸಲಾಗದ ಬೆಳಗುವ ವಸ್ತು' ಅಂತ ಹೆಸರಿಟ್ಟಿತು.

ಸೇನೆ ಸುಮ್ನೆ ಕೂರಲಿಲ್ಲ. ಸಂಚಾರಿ ರೇಡಾರ್ ತಂದಿಟ್ಟರು. ಕಣ್ಣಿಗೆ ಕಾಣೋ ಬೆಳಕು ರೇಡಾರಿಗೆ ಸಿಗಲಿಲ್ಲ. ಒಂದು ಡ್ರೋನ್ ಹಾರಿಸಿದರು. ಅದು ಹೋಗೋವಷ್ಟು ಎತ್ತರಕ್ಕೆ ಹೋದರೂ ಬೆಳಕು ಕೈಗೆ ಸಿಗಲಿಲ್ಲ. 2013ರ ಫೆಬ್ರವರಿ ಹೊತ್ತಿಗೆ ದಾಖಲೆಯಲ್ಲಿ 329 ಎಂಟ್ರಿ. ಅದರಲ್ಲಿ 155 ಸಲ ಆ ವಸ್ತು ವಾಸ್ತವ ನಿಯಂತ್ರಣ ರೇಖೆ ದಾಟಿ ಬಂತು ಅಂತ ಲೆಕ್ಕ. ಚೀನಾದ ಬೇಹು ಡ್ರೋನ್ ಇರಬಹುದು ಅನ್ನೋ ಅನುಮಾನ ಗಟ್ಟಿಯಾಯ್ತು.

ಆಗ ಕರೆ ಹೋಗಿದ್ದು ಬೆಂಗಳೂರಿನ ಕೋರಮಂಗಲದಲ್ಲಿರೋ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಗೆ. ಲಡಾಖ್‌ನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ, ಇವರದೊಂದು ವೀಕ್ಷಣಾಲಯ ಅದ. ಅಲ್ಲಿರೋ 2 ಮೀಟರಿನ ದೂರದರ್ಶಕವನ್ನ ಉಪಗ್ರಹ ಸಂಪರ್ಕದ ಮೂಲಕ ಬೆಂಗಳೂರು ಪಕ್ಕದ ಹೊಸಕೋಟೆಯಿಂದಲೇ ನಡೆಸ್ತಾರೆ.

ಖಗೋಳ ವಿಜ್ಞಾನಿಗಳು ಮಾಡಿದ ಪರೀಕ್ಷೆ ಬಹಳ ಸರಳ. ನಕ್ಷತ್ರ ದಿನಾಲೂ ಹಿಂದಿನ ದಿನಕ್ಕಿಂತ ಸುಮಾರು 4 ನಿಮಿಷ ಮೊದಲೇ ಹುಟ್ಟುತ್ತೆ. ಗ್ರಹ ಕೂಡ ಮೊದಲೇ ಲೆಕ್ಕ ಹಾಕಬಹುದಾದ ಹಾದಿಯಲ್ಲೇ ಸಾಗುತ್ತೆ. ಡ್ರೋನ್ ಹಾರಿಸೋನು ಆ ಲೆಕ್ಕ ಯಾಕೆ ಪಾಲಿಸ್ತಾನ? ಹಂಗಾಗಿ ಆ ಬೆಳಕು ಎಷ್ಟು ಗಂಟೆಗೆ, ಯಾವ ದಿಕ್ಕಿಗೆ, ಎಷ್ಟು ಎತ್ತರದಲ್ಲಿ, ಯಾವ ನಕ್ಷತ್ರದ ಹತ್ತಿರ ಕಾಣುತ್ತೆ ಅಂತ ಬರೆದುಕೊಳ್ಳುತ್ತಾ ಹೋದರು. ಉತ್ತರ ಬಂತು: ಒಂದು ಗುರು, ಇನ್ನೊಂದು ಶುಕ್ರ.

ಶುಕ್ರ ಅಂದ್ರ ಯಾರು? ನಮ್ಮ ಹಳ್ಳಿಗಳಲ್ಲಿ "ಬೆಳ್ಳಿ ಮೂಡ್ತು, ಏಳ್ರೋ" ಅಂತ ಹಿರಿಯರು ಎಬ್ಬಿಸ್ತಿದ್ರಲ್ಲ, ಅದೇ ಬೆಳ್ಳಿಚುಕ್ಕಿ. ಇನ್ನು ಗುರು, ಆ ಡಿಸೆಂಬರಿನಲ್ಲಿ ಭೂಮಿಗೆ ತೀರಾ ಹತ್ತಿರ ಬಂದಾಗಲೂ 60 ಕೋಟಿ ಕಿಲೋಮೀಟರ್ ದೂರ ಇತ್ತು. ರೇಡಾರಿಗೆ ಎಲ್ಲಿಂದ ಸಿಗಬೇಕ್ರಿ?

2013ರ ಜುಲೈನಲ್ಲಿ ಸುದ್ದಿ ಹೊರಬಂದಾಗ ಬಹಳ ಜನ ನಕ್ಕರು. ನನಗೆ ನಗು ಬರಲಿಲ್ಲ. ಆ ಜಾಗದಲ್ಲಿ ಚೀನಾ ಇರೋದೇ ಪೂರ್ವಕ್ಕೆ, ಚುಕ್ಕಿ ಹುಟ್ಟೋದೂ ಪೂರ್ವಕ್ಕೇ. ತೆಳು ಗಾಳಿಯಲ್ಲಿ ಬೆಳಕು ಇನ್ನೂ ಜೋರಾಗಿ ಕಾಣುತ್ತೆ. ಕತ್ತಲಲ್ಲಿ ಒಂದೇ ಬೆಳಕನ್ನ ದಿಟ್ಟಿಸಿ ನೋಡ್ತಾ ಇದ್ರೆ ಅದು ಅಲುಗಾಡಿದಂಗೆ ಅನ್ನಿಸುತ್ತೆ. ಇದು ಎಲ್ಲರ ಕಣ್ಣಿನ ಗುಣ. ಅದರ ಮ್ಯಾಲೆ ಶತ್ರುವಿನ ಡ್ರೋನ್ ಬರಬಹುದು ಅನ್ನೋ ಎಚ್ಚರ ಬ್ಯಾರೆ. ಜವಾನ ಕಂಡಿದ್ದು ಸುಳ್ಳಲ್ಲ.

ನಾನು ಬಿ.ಕಾಂ. ಓದಿದವನು, ನನ್ನ ಭಾಷೆಯಲ್ಲಿ ಹೇಳ್ತೀನಿ: ಎಂಟ್ರಿ ಸರಿ ಇತ್ತು, ಹಾಕಿದ ಅಕೌಂಟ್ ತಪ್ಪಿತ್ತು. ಎಂಟ್ರಿ ಇದ್ದಿದ್ದಕ್ಕೇ ತಪ್ಪು ಸಿಕ್ಕಿತು.

ಸಿಗದೇ ಹೋಗಿದ್ರೆ? 2013ರ ಏಪ್ರಿಲಿನಲ್ಲಿ ಅದೇ ಲಡಾಖ್‌ನ ದೆಪ್ಸಾಂಗ್‌ನಲ್ಲಿ ಚೀನಾ ಸೈನಿಕರು ಡೇರೆ ಹಾಕಿದ್ರು. ಮೂರು ವಾರ ಎರಡೂ ಸೇನೆ ಎದುರುಬದುರು. ಅಂಥ ಹೊತ್ತಲ್ಲಿ "155 ಸಲ ಗಡಿ ದಾಟಿದ್ದಾರೆ" ಅನ್ನೋ ತಪ್ಪು ಲೆಕ್ಕ ಯಾರಿಗೆ ಏನು ಮಾಡಿಸ್ತಿತ್ತೋ, ಯೋಚನೆ ಮಾಡ್ರಿ. ಜೀವ ಪಣಕ್ಕಿರೋದು ಅಲ್ಲಿ ನಿಂತ ಹುಡುಗರದ್ದು.

ಹಂಗಾದ್ರೆ ಯುಎಫ್‌ಒ ಎಲ್ಲಾ ಸುಳ್ಳಾ ಅಂತ ಕೇಳ್ತೀರಿ. ಅಮೆರಿಕದ ವಾಯುಸೇನೆ 1952ರಿಂದ 1969ರವರೆಗೆ 'ಪ್ರಾಜೆಕ್ಟ್ ಬ್ಲೂ ಬುಕ್' ನಡೆಸಿತು. 12,618 ವರದಿ ಬಂದ್ವು, 701ಕ್ಕೆ ಉತ್ತರ ಸಿಗಲಿಲ್ಲ. ಲೆಕ್ಕ ಬರೆಯೋರು ಮೂಲ ಗೊತ್ತಾಗದ ಹಣವನ್ನ ಸಸ್ಪೆನ್ಸ್ ಅಕೌಂಟಿಗೆ ಹಾಕ್ತಾರೆ. ಅದನ್ನ ಲಾಭ ಅಂತ ಯಾರೂ ತೋರಿಸಲ್ಲ. ಆ 701 ಕೂಡ ಹಂಗೇ. ಉತ್ತರ ಸಿಕ್ಕಿಲ್ಲ ಅಂದ್ರ ಸಿಕ್ಕಿಲ್ಲ ಅಷ್ಟೇ. ಅದಕ್ಕೆ ಏಲಿಯನ್ ಅಂತ ಹೆಸರು ಹಚ್ಚೋದು ಲೆಕ್ಕ ಮುಗಿಯೋ ಮೊದಲೇ ಲಾಭ ಹಂಚಿಕೊಂಡಂಗೆ.

ಮಾನ್ವಿಯಲ್ಲೋ ದೇವದುರ್ಗದಲ್ಲೋ ರಾತ್ರಿ ಹೊಲಕ್ಕೆ ನೀರು ಬಿಡೋಕೆ ಹೋದಾಗ ನಿಮಗೂ ಒಂದು ಬೆಳಕು ಕಾಣಬಹುದು. ಸಾಲಾಗಿ ಹೋಗ್ತಿದ್ರೆ ಅದು ಸ್ಟಾರ್‌ಲಿಂಕ್ ಉಪಗ್ರಹಗಳಿರಬಹುದು. ಸ್ಟೇಟಸ್‌ಗೆ ಹಾಕೋ ಮೊದಲು ನಾಲ್ಕು ವಿಷಯ ಬರೆದಿಟ್ಕೊಳ್ರಿ: ಟೈಮು, ದಿಕ್ಕು, ಎತ್ತರ, ಪಕ್ಕದಲ್ಲಿ ಯಾವ ಚುಕ್ಕಿ. ಮರುದಿನ ಅದೇ ಜಾಗದಲ್ಲಿ ನಿಂತು ಮತ್ತೆ ನೋಡ್ರಿ. ನಾಲ್ಕು ನಿಮಿಷ ಮೊದಲೇ ಬಂದ್ರೆ, ಅದು ಯಾರ ಗಡಿಯನ್ನೂ ದಾಟಿಲ್ಲ ಅಂತ ತಿಳ್ಕೊಳ್ರಿ.

ಮುಂದಿನ ಎಪಿಸೋಡಿನಾಗ ಸಿಗೋಣ.