ವೀರ್ಯಾಣುವಿನ ಸಾಮರ್ಥ್ಯಪ್ರಾಪ್ತಿ: ಒಂದು ಶೋಧದ ಚರಿತ್ರೆ



ಶ್ರೀರಂಗಪಟ್ಟಣದ ಕಾವೇರಿ ದಡದಲ್ಲಿ ಅರಳಿಮರದಡಿಯ ನಾಗರಕಲ್ಲುಗಳನ್ನು ನೀವೆಲ್ಲ ಕಂಡಿದ್ದೀರಿ. ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದ ಹಳ್ಳಿಗಳಲ್ಲಿಯೂ ಸಂತಾನಕ್ಕಾಗಿ ಅವುಗಳಿಗೆ ಪ್ರದಕ್ಷಿಣೆ ಬಂದವರು ಹೆಂಗಸರೇ. ಮಕ್ಕಳಾಗದಿದ್ದರೆ ‘ಬಂಜೆ’ ಎಂಬ ಹೆಸರೂ ಅವರಿಗೇ. ವಿಜ್ಞಾನದ ಚರಿತ್ರೆ ಬೇರೆಯದನ್ನೇ ಹೇಳುತ್ತದೆ.

ಚಲಿಸುವ ವೀರ್ಯಾಣುವೆಲ್ಲ ಸಮರ್ಥವೆಂದೇ ವಿಜ್ಞಾನಿಗಳೂ ಬಹುಕಾಲ ಭಾವಿಸಿದ್ದರು. 1951ರಲ್ಲಿ ಅಮೆರಿಕದ ಎಂ. ಸಿ. ಚಾಂಗ್, ಆಸ್ಟ್ರೇಲಿಯದ ಸಿ. ಆರ್. ಆಸ್ಟಿನ್ ಪ್ರಾಣಿಗಳ ಮೇಲೆ ಪ್ರತ್ಯೇಕವಾಗಿ ಪ್ರಯೋಗ ನಡೆಸಿ ಒಂದೇ ನಿಜವನ್ನು ಕಂಡರು: ಹೆಣ್ಣಿನ ಜನನಾಂಗದೊಳಗೆ ಕೆಲವು ಗಂಟೆ ಕಳೆದ ಮೇಲೆಯೇ ವೀರ್ಯಾಣುವು ಅಂಡಾಣುವನ್ನು ಹೊಗಬಲ್ಲದು. 1952ರಲ್ಲಿ ಆಸ್ಟಿನ್ ಇದನ್ನು ‘ಕೆಪ್ಯಾಸಿಟೇಷನ್’ ಎಂದರು. ನಾವು ‘ಸಾಮರ್ಥ್ಯಪ್ರಾಪ್ತಿ’ ಎನ್ನೋಣ.

ಮನುಷ್ಯರಲ್ಲಿಯೂ ಹೀಗೆಯೇ. ವೃಷಣದಲ್ಲಿ ಎರಡು ತಿಂಗಳಿಗೂ ಮೀರಿ ರೂಪುಗೊಂಡ ವೀರ್ಯಾಣುವು ಅದಕ್ಕಂಟಿದ ಸುರುಳಿನಾಳದಲ್ಲಿ ಪಕ್ವವಾಗುತ್ತದೆ. ಬಳಿಕ ಹೆಣ್ಣಿನ ಒಡಲಲ್ಲಿ ಅದರ ಪೊರೆಯಿಂದ ಕೊಲೆಸ್ಟರಾಲ್ ಕಳಚುತ್ತದೆ. ಬೈಕಾರ್ಬೊನೇಟ್, ಕ್ಯಾಲ್ಸಿಯಂ ಒಳಸೇರುತ್ತವೆ. ಬಾಲವು ಚಾಟಿಯಂತೆ ರಭಸದಿಂದ ಬಡಿಯತೊಡಗುತ್ತದೆ. ಈ ತಿಳಿವಳಿಕೆಯ ಬಲದಿಂದಲೇ 1969ರಲ್ಲಿ ಎಡ್ವರ್ಡ್ಸ್, ಬ್ಯಾವಿಸ್ಟರ್, ಸ್ಟೆಪ್ಟೊ ಮಾನವ ಅಂಡಾಣುವನ್ನು ದೇಹದ ಹೊರಗೆ ಫಲಿತಗೊಳಿಸಿದರು. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಜನಿಸಿದಳು.

ಈ ಸರಪಣಿಯಲ್ಲಿ ಒಂದು ಕೊಂಡಿ ಕಳಚಿದರೂ ಗರ್ಭ ನಿಲ್ಲದು. ಹಲವು ಕೊಂಡಿಗಳು ಗಂಡಿನವು. ವೀರ್ಯಪರೀಕ್ಷೆಯಾದರೋ ಅತ್ಯಂತ ಸರಳವಾದುದು. ಆದುದರಿಂದ ಮಕ್ಕಳಾಗದ ದಂಪತಿಗಳು ವೈದ್ಯರಲ್ಲಿಗೆ ಒಟ್ಟಿಗೇ ಹೋಗಲಿ, ಸೊಸೆಯೊಬ್ಬಳನ್ನೇ ಕಳುಹಿಸದಿರಿ.