ಕಾಳಿಯ ನೀರು, ಕೈಗಾದ ಅಣು, ಬೆಂಗಳೂರಿನ ಗಣಕಯಂತ್ರ

ಅಂಕೋಲೆಯ ಮನೆಯೊಂದರಲ್ಲಿ ಓದುವ ಹೊತ್ತಿಗೆ ಸರಿಯಾಗಿ ದೀಪ ಹೋದರೆ, “ಮಗ್ಗುಲಲ್ಲೇ ಕೈಗಾ ಇದ್ದೂ ನಮಗೆ ಕತ್ತಲೆಯೇ?” ಎಂಬ ಮಾತು ಬರುವುದುಂಟು. ಪ್ರಶ್ನೆ ನ್ಯಾಯವಾದದ್ದೇ. ಕಾಳಿ ಕಣಿವೆಯ ಜನ ಜಲಾಶಯಗಳಿಗಾಗಿ ಮನೆ, ಗದ್ದೆಗಳನ್ನೇ ಬಿಟ್ಟುಕೊಟ್ಟಿದ್ದಾರೆ. ಉತ್ತರಕ್ಕಾಗಿ ವಿದ್ಯುತ್ ಜಾಲದ ಚರಿತ್ರೆಯನ್ನು ಸ್ವಲ್ಪ ನೋಡೋಣ.

ವಿದ್ಯುತ್ತನ್ನು ಭತ್ತದಂತೆ ಕಣಜದಲ್ಲಿ ತುಂಬಿಡಲು ಬರುವುದಿಲ್ಲ. ಉತ್ಪಾದನೆ, ಬಳಕೆ ಎರಡೂ ಕ್ಷಣಕ್ಷಣಕ್ಕೂ ಸರಿದೂಗಬೇಕು. ಬಳಕೆ ಮೀರಿದರೆ ಜಾಲದ ಆವರ್ತನ 50 ಹರ್ಟ್ಸ್‌ನಿಂದ ಕೆಳಗಿಳಿಯುತ್ತದೆ. 1990ರ ದಶಕದಲ್ಲಿ ದಕ್ಷಿಣ ಭಾರತದಲ್ಲಿ ಅದು 48ರ ಆಸುಪಾಸಿಗೆ ಇಳಿಯುವುದು ಅಪರೂಪವಾಗಿರಲಿಲ್ಲ. ಬೆಂಗಳೂರಿನ ನಿಯಂತ್ರಣ ಕೇಂದ್ರದವರು ದೂರವಾಣಿಯಲ್ಲಿ ರಾಜ್ಯಗಳಿಗೆ “ಬಳಕೆ ತಗ್ಗಿಸಿ” ಎನ್ನುತ್ತಿದ್ದರು. ಕೇಳಿದವರಿಗೆ ಲಾಭವಿರಲಿಲ್ಲ, ಕೇಳದವರಿಗೆ ನಷ್ಟವೂ ಇರಲಿಲ್ಲ!

ಇದು ಕೈಗಾಕ್ಕೆ ಸಣ್ಣ ಸಂಗತಿಯಲ್ಲ. ಜಾಲದ ಏರುಪೇರಿನಿಂದ ಅಣುಸ್ಥಾವರ ನಿಂತು, ಬೇಗನೆ ಮತ್ತೆ ಹೊರಡದಿದ್ದರೆ, ಇಂಧನದೊಳಗೆ ಹುಟ್ಟುವ ಝೆನಾನ್ ನ್ಯೂಟ್ರಾನುಗಳನ್ನು ನುಂಗಿಬಿಡುತ್ತದೆ. ಆಮೇಲೆ ಒಂದು ದಿನಕ್ಕೂ ಮಿಕ್ಕಿ ಕಾಯಬೇಕು. ಹತ್ತಿರದ ಕದ್ರಾ ಜಲವಿದ್ಯುದಾಗಾರವಾದರೋ ನಿಮಿಷಗಳಲ್ಲಿ ತಿರುಗಲಾರಂಭಿಸುತ್ತದೆ. ಒಂದೇ ನದಿಯ ಪಕ್ಕದಲ್ಲಿ ಎಷ್ಟು ಬೇರೆ ಸ್ವಭಾವದ ಯಂತ್ರಗಳು!

2002ರ ಹೊತ್ತಿಗೆ ದಕ್ಷಿಣದ ಕೇಂದ್ರಗಳ ಅಂಕಿಅಂಶಗಳು ಬೆಂಗಳೂರಿನ ಗಣಕಯಂತ್ರದ ಪರದೆಗೆ ನೇರವಾಗಿ ಬರತೊಡಗಿದವು. 2003ರ ಜನವರಿ 1ರಿಂದ ಹೊಸ ದರನಿಯಮ ಜಾರಿಯಾಯಿತು. ದಿನವನ್ನು ಹದಿನೈದು ನಿಮಿಷಗಳ 96 ಭಾಗಗಳಾಗಿ ಒಡೆದು, ಪ್ರತಿ ರಾಜ್ಯ ಎಷ್ಟು ವಿದ್ಯುತ್ ಪಡೆಯಬೇಕೆಂದು ಹಿಂದಿನ ದಿನವೇ ಗೊತ್ತುಮಾಡಲಾಗುತ್ತಿತ್ತು. ಅದನ್ನು ಮೀರಿ ಎಳೆದುಕೊಂಡ ವಿದ್ಯುತ್ತಿನ ಬೆಲೆಯನ್ನು ಆವರ್ತನವೇ ನಿರ್ಧರಿಸುತ್ತಿತ್ತು: 50.5 ಹರ್ಟ್ಸ್ ಇದ್ದಾಗ ಬೆಲೆ ಸೊನ್ನೆ, 49ಕ್ಕೆ ಇಳಿದಾಗ ಬಲು ದುಬಾರಿ. ಇಷ್ಟೊಂದು ಮೀಟರುಗಳ ಲೆಕ್ಕವನ್ನು ಕೈಯಿಂದ ಹಾಕುವುದು ಆಗದ ಮಾತು, ತಂತ್ರಾಂಶವೇ ಬೇಕು. ದೂರವಾಣಿಯ ವಿನಂತಿಗೆ ಬಗ್ಗದಿದ್ದ ಆವರ್ತನ ಬಿಲ್ಲಿಗೆ ಬಗ್ಗಿತು. 2008ರಲ್ಲಿ ವಿದ್ಯುತ್ ವಿನಿಮಯ ಕೇಂದ್ರವೂ ಆರಂಭವಾಗಿ, ನಾಳೆಯ ವಿದ್ಯುತ್ತನ್ನು ಇಂದೇ ಹರಾಜಿನಲ್ಲಿ ಕೊಳ್ಳುವಂತಾಯಿತು.

ಆದರೆ ಕಾಳಿಯ ನೀರಿಗೆ ಬೆಲೆಯ ಲೆಕ್ಕವೊಂದೇ ಸಾಲದು. ಕದ್ರಾ ಜಲಾಶಯದ ನೀರೇ ಕೈಗಾ ಸ್ಥಾವರವನ್ನು ತಂಪಾಗಿಡುವುದು. ಮಳೆಗಾಲದಲ್ಲಿ ಕೆಳಗಿನ ಹಳ್ಳಿಗಳ ನೆರೆಯ ಚಿಂತೆ ಬೇರೆ.

ಇನ್ನು ಅಂಕೋಲೆಯ ಕತ್ತಲೆ. ಕೈಗಾದ ನಾಲ್ಕು ಘಟಕಗಳ 880 ಮೆಗಾವ್ಯಾಟ್ ವಿದ್ಯುತ್ತು 400 ಕಿಲೋವೋಲ್ಟ್ ತಂತಿಗಳಲ್ಲಿ ಘಟ್ಟ ಹತ್ತಿ, ದಕ್ಷಿಣದ ರಾಜ್ಯಗಳಿಗೆ ಹಂಚಿಹೋಗುತ್ತದೆ. ಅಂಕೋಲೆಯ ಮನೆಗೆ ಬೆಳಕು ತರುವುದು ಹೆಸ್ಕಾಂನ ಸಣ್ಣ ತಂತಿ. ಬೆಂಗಳೂರಿನ ಪರದೆಯ ಮೇಲೆ ಆವರ್ತನ ಸರಿಯಾಗಿ 50 ಇದ್ದಾಗಲೂ, ಆಷಾಢದ ಗಾಳಿಗೆ ಮುರಿದ ಒಂದು ಕೊಂಬೆ ಆ ತಂತಿಯ ಮೇಲೆ ಬಿದ್ದಿರಬಹುದು.